ಬೂಟ್ ಡಿಸ್ಕ್ ಎಲ್‌ವಿಎಂಗೆ ಬಂದಿದೆ ಎಂದು ನಂಬಿ ಹಳೆಯ ಡಿಸ್ಕನ್ನು ಕಳಚುವ ಮುನ್ನ

ಲಿನಕ್ಸ್ ಸರ್ವರ್‌ನ ಬೂಟ್ ಡಿಸ್ಕನ್ನು ಸಾದಾ ಪಾರ್ಟಿಷನ್‌ಗಳಿಂದ (ಡಿಸ್ಕಿನ ನಿಗದಿತ ಭಾಗಗಳಿಂದ) ಎಲ್‌ವಿಎಂ ಎಂಬ, ಡಿಸ್ಕಿನ ಜಾಗವನ್ನು ವಾಲ್ಯೂಮ್‌ಗಳಾಗಿ ಹಂಚಿ ನೋಡಿಕೊಳ್ಳುವ ವಾಲ್ಯೂಮ್ ಮ್ಯಾನೇಜರ್‌ನ ಹಿಡಿತಕ್ಕೆ ತಂದುಕೊಟ್ಟವರು "ಯಂತ್ರ ರೀಬೂಟ್ ಆಗಿ ಸರಿಯಾಗಿಯೇ ಮೇಲೆದ್ದಿದೆ, ಕೆಲಸ ಮುಗಿಯಿತು" ಎಂದರೆ ದಯವಿಟ್ಟು ಅಷ್ಟಕ್ಕೇ ಒಪ್ಪಿಕೊಳ್ಳಬೇಡಿ. ಯಂತ್ರ ಮೇಲೆದ್ದದ್ದು ಹೊಸ ವಾಲ್ಯೂಮ್‌ನಿಂದಲೋ ಹಳೆಯ ಪಾರ್ಟಿಷನ್‌ನಿಂದಲೋ ಎಂಬುದು ಹೊರನೋಟಕ್ಕೆ ಗೊತ್ತಾಗುವುದಿಲ್ಲ. ಈ ಒಂದು ವಿಷಯವನ್ನು ಯಾರೂ ಪರೀಕ್ಷಿಸದೆ ಬಿಟ್ಟದ್ದರಿಂದ ನಮ್ಮ ಕಚೇರಿ ಕೆಲವು ವಾರಗಳ ದಾಖಲೆಗಳನ್ನು ಕಳೆದುಕೊಂಡಿತು. ಬೇರೆಯವರಿಗೆ ಹಾಗಾಗಬಾರದೆಂದು ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಆ ಸರ್ವರ್‌ನಲ್ಲಿ ಓಡುತ್ತಿದ್ದ ದಾಖಲೆಗಳ ಅಪ್ಲಿಕೇಶನ್ ಮಾತ್ರ ನನ್ನ ಹೊಣೆಯಾಗಿತ್ತು. ಆಪರೇಟಿಂಗ್ ಸಿಸ್ಟಮ್ ಮತ್ತು ಡಿಸ್ಕ್‌ಗಳ ನಿರ್ವಹಣೆಯನ್ನು ಹೊರಗಿನ ಒಂದು ಸಂಸ್ಥೆಗೆ ಗುತ್ತಿಗೆ ಕೊಡಲಾಗಿತ್ತು. ಯಂತ್ರದಲ್ಲಿದ್ದದ್ದು ರೆಡ್ ಹ್ಯಾಟ್ ಕುಟುಂಬದ 9ನೇ ಆವೃತ್ತಿ. ರೂಟ್ ಫೈಲ್‌ಸಿಸ್ಟಮ್, ಅಂದರೆ ಆಪರೇಟಿಂಗ್ ಸಿಸ್ಟಮ್ ಮತ್ತು ಉಳಿದ ಫೈಲ್‌ಗಳಿರುವ ಮೂಲ ಜಾಗ, ಹಳೆಯ ಡಿಸ್ಕಿನ ಮೂರನೆಯ ಪಾರ್ಟಿಷನ್‌ನಲ್ಲಿ ಇಎಕ್ಸ್‌ಟಿ4 ರೂಪದಲ್ಲಿತ್ತು. ಡಿಸ್ಕಿಗೆ ವಯಸ್ಸಾಗಿತ್ತು, ಜೊತೆಗೆ ಅಪ್‌ಡೇಟ್ ಮಾಡುವ ಮುನ್ನ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪ್ರತಿ) ತೆಗೆದುಕೊಳ್ಳುವ ಅನುಕೂಲವೂ ಬೇಕಾಗಿತ್ತು. ಹೀಗಾಗಿ ಹೊಸ ಡಿಸ್ಕ್ ಹಾಕಿ ಅದರ ಮೇಲೆ ವಾಲ್ಯೂಮ್ ಗ್ರೂಪ್ (ವಾಲ್ಯೂಮ್‌ಗಳಿಗೆ ಜಾಗ ಕೊಡುವ ಸಂಗ್ರಹ) ಕಟ್ಟಿ ರೂಟನ್ನು ಅಲ್ಲಿಗೆ ಸಾಗಿಸುವುದೆಂದು ತೀರ್ಮಾನವಾಯಿತು. ಆ ತೀರ್ಮಾನದಲ್ಲಿ ತಪ್ಪೇನೂ ಇರಲಿಲ್ಲ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ವೆರಿಟಾಸ್ ವಾಲ್ಯೂಮ್ ಮ್ಯಾನೇಜರ್‌ನಲ್ಲಿ ಡಿಸ್ಕಿನಲ್ಲಿರುವ ಮಾಹಿತಿಯನ್ನು ಅಲ್ಲಿಯೇ ಉಳಿಸಿಕೊಂಡು, ಇರುವ ಪಾರ್ಟಿಷನ್‌ಗಳನ್ನೇ ವಾಲ್ಯೂಮ್‌ಗಳಾಗಿ ಪರಿವರ್ತಿಸುವ ಎನ್‌ಕ್ಯಾಪ್ಸುಲೇಶನ್ ಎಂಬ ಕ್ರಮವಿತ್ತು. ಲಿನಕ್ಸ್‌ನ ಎಲ್‌ವಿಎಂನಲ್ಲಿ ಅಂಥ ಕ್ರಮವಿಲ್ಲ. ಪಿವಿಕ್ರಿಯೇಟ್ ಆಜ್ಞೆ ಪಾರ್ಟಿಷನ್‌ನ ಆರಂಭದಲ್ಲಿ ತನ್ನ ಗುರುತನ್ನೂ ಮೆಟಾಡೇಟಾವನ್ನೂ ಬರೆದುಕೊಳ್ಳುವುದರಿಂದ ಅಲ್ಲಿ ಮೊದಲಿದ್ದ ಫೈಲ್‌ಸಿಸ್ಟಮ್ ಹೋದಂತೆಯೇ. ಆದ್ದರಿಂದ ಎಲ್‌ವಿಎಂಗೆ ತರುವುದೆಂದರೆ ಬೇರೆ ಜಾಗದಲ್ಲಿ ವಾಲ್ಯೂಮ್ ಮಾಡಿ ಎಲ್ಲವನ್ನೂ ನಕಲು ಮಾಡುವುದು, ಆಮೇಲೆ ಬೂಟ್ ಆಗುವ ದಾರಿಯನ್ನು ಆ ಕಡೆಗೆ ತಿರುಗಿಸುವುದು. ನಕಲಿನ ಕೆಲಸ ಸುಲಭ. ಎಡವುವುದು ದಾರಿ ತಿರುಗಿಸುವ ಹಂತದಲ್ಲಿ.

ಗುತ್ತಿಗೆ ಸಂಸ್ಥೆಯ ಎಂಜಿನಿಯರ್ ಹೊಸ ಡಿಸ್ಕಿನಲ್ಲಿ ಬೂಟ್ ಪಾರ್ಟಿಷನ್ ಒಂದನ್ನು ಮಾಡಿ, ಉಳಿದ ಜಾಗವನ್ನು ಎಲ್‌ವಿಎಂ ಬಳಸುವಂತೆ ಫಿಸಿಕಲ್ ವಾಲ್ಯೂಮ್ ಮಾಡಿ, ಆರ್‌ಸಿಂಕ್ ಎಂಬ ನಕಲು ಮಾಡುವ ಆಜ್ಞೆಯ ಮೂಲಕ ರೂಟನ್ನು ನಕಲಿಸಿದರು. ಹೊಸ ನಕಲಿನೊಳಗೆ ಕ್ರೂಟ್ ಮಾಡಿಕೊಂಡು (ಅದನ್ನೇ ರೂಟ್ ಎಂದು ತೋರಿಸಿ ಒಳಹೊಕ್ಕು) ಎಫ್‌ಎಸ್‌ಟ್ಯಾಬ್ (ಮೌಂಟ್ ಮಾಡಬೇಕಾದ, ಅಂದರೆ ಬಳಕೆಗೆ ಜೋಡಿಸಬೇಕಾದ ಫೈಲ್‌ಸಿಸ್ಟಮ್‌ಗಳ ಪಟ್ಟಿ) ತಿದ್ದಿದರು, ಬೂಟ್ ಲೋಡರ್ ಆದ ಗ್ರಬ್‌ನ ಎಟ್ಸಿ ಡೀಫಾಲ್ಟ್ ಗ್ರಬ್ ಫೈಲಿನಲ್ಲಿರುವ, ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ) ಹೋಗುವ ಸಾಲಿಗೆ ಹೊಸ ವಾಲ್ಯೂಮ್‌ನ ಹೆಸರು ಸೇರಿಸಿದರು, ಗ್ರಬ್‌ನ ಸಂರಚನೆ ಬರೆಯುವ ಗ್ರಬ್2 ಎಂಕೆಕಾನ್ಫಿಗ್ ಆಜ್ಞೆ ಓಡಿಸಿದರು, ಹೊಸ ಡಿಸ್ಕಿಗೆ ಗ್ರಬ್ ಹಾಕಿದರು, ಬಯೋಸ್‌ನಲ್ಲಿ ಹೊಸ ಡಿಸ್ಕನ್ನು ಮೊದಲನೆಯದಾಗಿ ಮಾಡಿದರು. ಯಂತ್ರ ರೀಬೂಟ್ ಆಯಿತು, ಲಾಗಿನ್ ಬಂತು, ಅಪ್ಲಿಕೇಶನ್ ಓಡಿತು. ವರದಿಯಲ್ಲಿ ವಾಲ್ಯೂಮ್ ಗ್ರೂಪ್ ಮತ್ತು ವಾಲ್ಯೂಮ್‌ಗಳ ಪಟ್ಟಿ ಕೊಡುವ ವಿಜಿಎಸ್ ಮತ್ತು ಎಲ್‌ವಿಎಸ್ ಆಜ್ಞೆಗಳ ಫಲಿತಾಂಶವನ್ನು ಅಂಟಿಸಿ ಕೆಲಸ ಪೂರ್ಣವೆಂದು ಬರೆದುಕೊಟ್ಟರು.

ವಾಸ್ತವದಲ್ಲಿ ಯಂತ್ರ ಹಳೆಯ ರೂಟ್‌ನಿಂದಲೇ ಓಡುತ್ತಿತ್ತು. ಕಾರಣ ಹೀಗಿದೆ. ಈ ಕುಟುಂಬದ ಈಗಿನ ಆವೃತ್ತಿಗಳಲ್ಲಿ ಗ್ರಬ್‌ನ ಮೆನುವಿನಲ್ಲಿ ಕಾಣುವ ಪ್ರತಿಯೊಂದು ಕರ್ನಲ್‌ಗೂ ಬೂಟ್ ಡೈರೆಕ್ಟರಿಯ ಲೋಡರ್ ಎಂಟ್ರೀಸ್ ಎಂಬಲ್ಲಿ ಪ್ರತ್ಯೇಕವಾದ ಒಂದು ಸಣ್ಣ ಫೈಲ್ ಇರುತ್ತದೆ, ಮತ್ತು ರೂಟ್ ಎಲ್ಲಿದೆ ಎಂದು ಕರ್ನಲ್‌ಗೆ ಹೇಳುವ ಸಾಲು ಆ ಫೈಲಿನಲ್ಲಿಯೇ ಇರುತ್ತದೆ. ಡೀಫಾಲ್ಟ್ ಗ್ರಬ್ ಫೈಲನ್ನು ತಿದ್ದಿ ಎಂಕೆಕಾನ್ಫಿಗ್ ಓಡಿಸಿದರೆ 9ನೇ ಆವೃತ್ತಿಯ ಈಚಿನ ಬಿಡುಗಡೆಗಳಲ್ಲಿ ಆ ಸಾಲು ತಾನಾಗಿ ಬದಲಾಗುವುದಿಲ್ಲ. ಅದಕ್ಕೆಂದೇ ಇರುವ ಅಪ್‌ಡೇಟ್ ಬಿಎಲ್‌ಎಸ್ ಸಿಎಮ್‌ಡಿಲೈನ್ ಆಯ್ಕೆಯನ್ನು ಕೊಡಬೇಕು, ಇಲ್ಲವೇ ಗ್ರಬ್ಬಿ ಆಜ್ಞೆಯಿಂದ ಎಲ್ಲ ಕರ್ನಲ್‌ಗಳ ಸಾಲನ್ನೂ ಬದಲಾಯಿಸಬೇಕು. ಹಳೆಯ ಡಿಸ್ಕಿನಿಂದ ನಕಲಾಗಿ ಬಂದ ಎಂಟ್ರಿ ಫೈಲ್‌ಗಳಲ್ಲಿ ಹಳೆಯ ಪಾರ್ಟಿಷನ್‌ನ ಯುಯುಐಡಿ (ಅದರದ್ದೇ ಆದ ಗುರುತಿನ ಸಂಖ್ಯೆ) ಹಾಗೆಯೇ ಉಳಿದಿತ್ತು. ಹೊಸ ಡಿಸ್ಕಿನ ಗ್ರಬ್ ಹೊಸ ಡಿಸ್ಕಿನ ಕರ್ನಲನ್ನೇ ಎತ್ತಿಕೊಂಡಿತು. ಆ ಕರ್ನಲ್ ಯುಯುಐಡಿ ಹುಡುಕಿಕೊಂಡು ಪಕ್ಕದಲ್ಲಿಯೇ ಇದ್ದ ಹಳೆಯ ಡಿಸ್ಕಿಗೆ ಹೋಗಿ, ಅಲ್ಲಿದ್ದ ರೂಟನ್ನು ಮೌಂಟ್ ಮಾಡಿತು. ಎಲ್ಲವೂ ಮೊದಲಿನಂತೆಯೇ ನಡೆದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ವರದಿಯಲ್ಲಿ ಅಂಟಿಸಿದ್ದ ಎಲ್‌ವಿಎಸ್ ಫಲಿತಾಂಶದಲ್ಲಿಯೇ ಸತ್ಯ ಕಾಣುತ್ತಿತ್ತು ಎಂಬುದು ನನಗೆ ಇವತ್ತಿಗೂ ನೋವಿನ ವಿಷಯ. ಆ ಪಟ್ಟಿಯಲ್ಲಿ ಪ್ರತಿ ವಾಲ್ಯೂಮ್‌ನ ಹೆಸರಿನ ಮುಂದೆ ಗುಣಲಕ್ಷಣಗಳ ಒಂದು ಅಕ್ಷರಮಾಲೆ ಇರುತ್ತದೆ. ಅದರ ಐದನೆಯ ಸ್ಥಾನದಲ್ಲಿ 'ಎ' (a) ಇದ್ದರೆ ವಾಲ್ಯೂಮ್ ಸಕ್ರಿಯವಾಗಿದೆ ಎಂದರ್ಥ. ಆರನೆಯ ಸ್ಥಾನದಲ್ಲಿ 'ಒ' (o) ಇದ್ದರೆ ಅದನ್ನು ಯಾರೋ ತೆರೆದು ಬಳಸುತ್ತಿದ್ದಾರೆ ಎಂದರ್ಥ. ರೂಟ್ ಆಗಿ ಮೌಂಟ್ ಆಗಿರುವ ವಾಲ್ಯೂಮ್‌ಗೆ ಆ 'ಒ' ಇರಲೇಬೇಕು. ಆ ವರದಿಯಲ್ಲಿ 'ಎ' ಇತ್ತು, ಪಕ್ಕದಲ್ಲಿ ಬರೀ ಅಡ್ಡಗೆರೆ ಇತ್ತು. ಯಾವುದು ಎಲ್ಲಿಂದ ಮೌಂಟ್ ಆಗಿದೆ ಎಂದು ತೋರಿಸುವ ಫೈಂಡ್‌ಎಂಎನ್‌ಟಿ ಆಜ್ಞೆಯನ್ನು ರೂಟ್‌ನ ಓರೆಗೆರೆ ಕೊಟ್ಟು ಒಂದು ಸಲ ಓಡಿಸಿದ್ದರೆ, ಅಥವಾ ಬೂಟ್ ಆಗುವಾಗ ಕರ್ನಲ್‌ಗೆ ಸಿಕ್ಕ ಸಾಲನ್ನು ತೋರಿಸುವ ಪ್ರಾಕ್ ಸಿಎಮ್‌ಡಿಲೈನ್ ಫೈಲನ್ನು ಕ್ಯಾಟ್ ಮಾಡಿ ನೋಡಿದ್ದರೆ, ಅರ್ಧ ನಿಮಿಷದಲ್ಲಿ ವಿಷಯ ಹೊರಬೀಳುತ್ತಿತ್ತು.

ಕೆಲವು ವಾರಗಳ ನಂತರ ವಿದ್ಯುತ್ ಕೆಲಸಕ್ಕಾಗಿ ಯಂತ್ರವನ್ನು ಆಫ್ ಮಾಡಿದಾಗ, ಅದೇ ಸಂಸ್ಥೆಯವರು "ಈಗ ಬಳಕೆಯಲ್ಲಿಲ್ಲದ" ಹಳೆಯ ಡಿಸ್ಕನ್ನು ಕಳಚಿಕೊಂಡು ಹೋದರು. ಯಂತ್ರವನ್ನು ಮರಳಿ ಹಚ್ಚಿದಾಗ ಅದು ಬಹಳ ಹೊತ್ತು ಕಾಯ್ದು, ಬೂಟ್‌ನ ಆರಂಭದ ಹಂತವನ್ನು ಸಿದ್ಧಪಡಿಸುವ ಡ್ರಾಕಟ್‌ನ ಎಚ್ಚರಿಕೆಗಳನ್ನು ಸಾಲುಸಾಲಾಗಿ ತೋರಿಸಿ, ಆ ಯುಯುಐಡಿಯ ಡಿಸ್ಕ್ ಇಲ್ಲವೆಂದು ಹೇಳಿ ಎಮರ್ಜೆನ್ಸಿ ಶೆಲ್‌ಗೆ ಬಿದ್ದಿತು. ಆ ಶೆಲ್‌ನಲ್ಲಿ ಎಲ್‌ವಿಎಂ ಎಂದು ಹೊಡೆದರೆ ಅಂಥ ಆಜ್ಞೆಯೇ ಇಲ್ಲವೆಂಬ ಉತ್ತರ ಬಂತು. ಡ್ರಾಕಟ್ ಸಾಮಾನ್ಯವಾಗಿ ಹೋಸ್ಟ್‌ಓನ್ಲಿ ರೀತಿಯಲ್ಲಿ, ಅಂದರೆ ಆ ಹೊತ್ತಿನಲ್ಲಿ ಯಂತ್ರಕ್ಕೆ ಬೇಕಾದದ್ದನ್ನು ಮಾತ್ರ ಸೇರಿಸಿ ಇನಿಟ್‌ರ್ಯಾಮ್‌ಎಫ್‌ಎಸ್ (ರೂಟ್ ಮೌಂಟ್ ಆಗುವ ಮುನ್ನ ಕರ್ನಲ್ ಬಳಸುವ ಪುಟ್ಟ ಫೈಲ್‌ಸಿಸ್ಟಮ್) ಕಟ್ಟುತ್ತದೆ. ರೂಟ್ ಸಾದಾ ಪಾರ್ಟಿಷನ್‌ನಲ್ಲಿದ್ದಾಗ ಕಟ್ಟಿದ ಇನಿಟ್‌ರ್ಯಾಮ್‌ಎಫ್‌ಎಸ್‌ನಲ್ಲಿ ಎಲ್‌ವಿಎಂ ಇರಲು ಕಾರಣವೇ ಇರಲಿಲ್ಲ. ಎಂಟ್ರಿ ಫೈಲಿನ ಸಾಲು ಸರಿಯಾಗಿದ್ದಿದ್ದರೂ ಯಂತ್ರ ಹೊಸ ವಾಲ್ಯೂಮ್‌ನಿಂದ ಏಳುತ್ತಿರಲಿಲ್ಲ. ಆದರೆ ಆಗ ವಲಸೆಯ ದಿನವೇ, ಹಳೆಯ ಡಿಸ್ಕ್ ಕೈಯಲ್ಲಿರುವಾಗಲೇ ತಪ್ಪು ತಿಳಿಯುತ್ತಿತ್ತು.

ಇನ್‌ಸ್ಟಾಲ್ ಮಾಡುವ ಯುಎಸ್‌ಬಿಯ ರೆಸ್ಕ್ಯೂ ಮೋಡ್‌ನಿಂದ ಬೂಟ್ ಮಾಡಿ, ವಾಲ್ಯೂಮನ್ನು ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್ ಮತ್ತು ರನ್ ಡೈರೆಕ್ಟರಿಗಳನ್ನು ಬೈಂಡ್ ಮಾಡಿಕೊಂಡು ಕ್ರೂಟ್ ಆಗಿ, ಎಲ್ಲ ಕರ್ನಲ್‌ಗಳಿಗೂ ಡ್ರಾಕಟ್ ಮರುಕಟ್ಟಿಸಿ, ಗ್ರಬ್ಬಿಯಿಂದ ರೂಟ್‌ನ ಸಾಲನ್ನೂ ಬೂಟ್‌ನ ಆರಂಭದಲ್ಲಿ ಸಕ್ರಿಯಗೊಳಿಸಬೇಕಾದ ವಾಲ್ಯೂಮನ್ನು ಹೇಳುವ ಆರ್‌ಡಿ ಡಾಟ್ ಎಲ್‌ವಿಎಂ ಡಾಟ್ ಎಲ್‌ವಿ ಎಂಬ ಸೂಚನೆಯನ್ನೂ ಸೇರಿಸಿದ ಮೇಲೆ ಯಂತ್ರ ಎದ್ದಿತು. ವಾಲ್ಯೂಮ್ ಗ್ರೂಪ್‌ನ ಹೆಸರಿನಲ್ಲಿ ಅಡ್ಡಗೆರೆ ಇದ್ದರೆ ಡೆವ್ ಮ್ಯಾಪರ್ ಡೈರೆಕ್ಟರಿಯಲ್ಲಿನ ಹೆಸರಿನಲ್ಲಿ ಅದು ಎರಡು ಅಡ್ಡಗೆರೆಯಾಗಿ ಕಾಣುತ್ತದೆ, ಆರ್‌ಡಿ ಸೂಚನೆಯಲ್ಲಿ ಮಾತ್ರ ಒಂದೇ ಇರಬೇಕು; ಒತ್ತಡದಲ್ಲಿ ಕೆಲಸ ಮಾಡುವವರಿಗೆ ಇದು ಸುಮ್ಮನೆ ಸಮಯ ತಿನ್ನುವ ತೊಡಕು, ಹೆಸರಿಡುವಾಗಲೇ ಅಡ್ಡಗೆರೆ ಬಿಡುವುದು ಒಳ್ಳೆಯದು.

ಯಂತ್ರ ಎದ್ದ ಮೇಲೆ ನಾನು ಮೊದಲು ತೆರೆದದ್ದು ವಾರ್ ಲಾಗ್ ಮೆಸೇಜಸ್ ಫೈಲನ್ನು. ಅದರಲ್ಲಿ ಆ ದಿನದ ಸಾಲುಗಳ ಹಿಂದಿನ ಸಾಲು ನಕಲು ಮಾಡಿದ ದಿನದ್ದಾಗಿತ್ತು. ನಡುವಿನ ವಾರಗಳ ಒಂದೇ ಒಂದು ಸಾಲೂ ಅಲ್ಲಿ ಇರಲಿಲ್ಲ. ಆ ಅವಧಿಯಲ್ಲಿ ಬರೆದದ್ದೆಲ್ಲ ಕಳಚಿಕೊಂಡು ಹೋದ ಡಿಸ್ಕಿನಲ್ಲಿತ್ತು. ಕೂಡಲೇ ಫೋನ್ ಮಾಡಿ ಕೇಳಿದರೆ, ಆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಬೇರೊಂದು ಕಡೆಯ ಬ್ಯಾಕಪ್‌ಗೆ ಹಾಕಿಯಾಗಿದೆ, ಅದರ ಮೇಲೆ ಬರವಣಿಗೆಯೂ ಆಗಿದೆ ಎಂಬ ಉತ್ತರ ಸಿಕ್ಕಿತು.

ಡೇಟಾಬೇಸ್‌ನ ಡಂಪ್ ಪ್ರತಿ ರಾತ್ರಿ ಬೇರೆ ಯಂತ್ರಕ್ಕೆ ಹೋಗುತ್ತಿದ್ದುದರಿಂದ ಅದು ಉಳಿಯಿತು. ಸ್ಕ್ಯಾನ್ ಮಾಡಿ ಏರಿಸಿದ ಕಾಗದಗಳು ಮಾತ್ರ ರೂಟ್‌ನಲ್ಲಿಯೇ ಇದ್ದವು. ಹೀಗಾಗಿ ಡೇಟಾಬೇಸ್‌ನಲ್ಲಿ ದಾಖಲೆಯ ಸಂಖ್ಯೆ, ಏರಿಸಿದವರ ಹೆಸರು, ದಿನಾಂಕ ಎಲ್ಲವೂ ಇವೆ, ತೆರೆಯಲು ಹೋದರೆ ಫೈಲ್ ಇಲ್ಲ. ಸಹೋದ್ಯೋಗಿಗಳು ಕಪಾಟುಗಳಿಂದ ಮೂಲ ಕಾಗದ ಹುಡುಕಿ ಮತ್ತೆ ಸ್ಕ್ಯಾನ್ ಮಾಡಿದರು. ಮೂಲವನ್ನು ಸಂಬಂಧಪಟ್ಟವರಿಗೆ ಹಿಂದಿರುಗಿಸಿದ್ದ ಕಡೆ ಅವರನ್ನು ಕೇಳಿಕೊಂಡು ತರಿಸಬೇಕಾಯಿತು. ಕೆಲವು ಮರಳಿ ಬರಲೇ ಇಲ್ಲ.

ನಿಮ್ಮಲ್ಲಿ ಇಂಥ ಕೆಲಸ ನಡೆಯುವುದಿದ್ದರೆ, ರೀಬೂಟ್ ಆದ ಮೇಲಿನ ಫೈಂಡ್‌ಎಂಎನ್‌ಟಿ ಫಲಿತಾಂಶವನ್ನೂ ಪ್ರಾಕ್ ಸಿಎಮ್‌ಡಿಲೈನ್ ಸಾಲನ್ನೂ ವರದಿಯಲ್ಲಿ ಕೇಳಿ ಪಡೆಯಿರಿ. ಎಲ್‌ಎಸ್‌ಇನಿಟ್‌ಆರ್‌ಡಿ ಆಜ್ಞೆಯಿಂದ ಪ್ರತಿ ಕರ್ನಲ್‌ನ ಇನಿಟ್‌ರ್ಯಾಮ್‌ಎಫ್‌ಎಸ್‌ನಲ್ಲಿ ಎಲ್‌ವಿಎಂ ಇದೆಯೇ ಎಂದು ನೋಡಿಸಿ. ಹೊಸ ಕರ್ನಲ್ ಒಂದರಲ್ಲಿ ಇದ್ದು ಹಳೆಯದರಲ್ಲಿ ಇಲ್ಲದಿದ್ದರೆ, ತೊಂದರೆ ಬಂದಾಗ ಹಿಂದಕ್ಕೆ ಹೋಗುವ ದಾರಿ ಇಲ್ಲವೆಂದೇ ಅರ್ಥ. ಡೆಬಿಯನ್, ಉಬುಂಟುಗಳಲ್ಲಿ ಎಲ್‌ವಿಎಂ2 ಪ್ಯಾಕೇಜ್ ಹಾಕಿದ ಮೇಲೆ ಅಪ್‌ಡೇಟ್ ಇನಿಟ್‌ರ್ಯಾಮ್‌ಎಫ್‌ಎಸ್ ಆಜ್ಞೆಯನ್ನು ಎಲ್ಲ ಕರ್ನಲ್‌ಗಳಿಗೂ ಓಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಡಿಸ್ಕಿನ ಕೇಬಲ್ ಕಳಚಿ ಅದಿಲ್ಲದೆ ಒಮ್ಮೆ ಬೂಟ್ ಮಾಡಿಸಿ, ಮತ್ತು ಇದನ್ನು ವಲಸೆಯ ದಿನವೇ ಮಾಡಿಸಿ. ಹಳೆಯ ರೂಟ್ ಪಕ್ಕದಲ್ಲಿರುವ ತನಕ ಯಾವ ರೀಬೂಟೂ ಪರೀಕ್ಷೆ ಎನಿಸುವುದಿಲ್ಲ.

ಹಳೆಯ ಯಂತ್ರವಾದರೆ ಇನ್ನೊಂದು ತೊಡಕಿದೆ. ಮೊದಲ ಪಾರ್ಟಿಷನ್ 63ನೇ ಸೆಕ್ಟರ್‌ನಿಂದ ಆರಂಭವಾಗುವ ಡಿಸ್ಕ್‌ಗಳಲ್ಲಿ ಗ್ರಬ್‌ನ ತಿರುಳು ಕೂರಲು ಸಿಗುವುದು 32 ಕಿಲೋಬೈಟ್‌ಗಿಂತ ಕಡಿಮೆ ಜಾಗ. ಬೂಟ್ ಡೈರೆಕ್ಟರಿಯನ್ನೂ ಎಲ್‌ವಿಎಂ ಒಳಗೆ ಇಟ್ಟರೆ ಎಲ್‌ವಿಎಂ ಓದುವ ಮಾಡ್ಯೂಲ್ ಆ ತಿರುಳಿಗೆ ಸೇರಬೇಕಾಗುತ್ತದೆ, ಆಗ ಅದು ಅಲ್ಲಿ ಹಿಡಿಯದೆ ಹೋಗಬಹುದು. ಬೂಟ್‌ಗೆ ಪ್ರತ್ಯೇಕ ಸಾದಾ ಪಾರ್ಟಿಷನ್ ಕೊಡುವುದೇ ನನ್ನ ಅಭಿಪ್ರಾಯದಲ್ಲಿ ಸರಿ. ಯುಇಎಫ್‌ಐ (ಬಯೋಸ್‌ನ ಬದಲಿಗೆ ಬಂದ ಫರ್ಮ್‌ವೇರ್) ಯಂತ್ರಗಳಲ್ಲಂತೂ ಇಎಸ್‌ಪಿಯನ್ನು, ಅಂದರೆ ಬೂಟ್ ಲೋಡರ್ ಇರುವ ಪಾರ್ಟಿಷನ್ನನ್ನು, ಫರ್ಮ್‌ವೇರ್ ನೇರವಾಗಿ ಓದುವುದರಿಂದ ಅದು ಎಲ್‌ವಿಎಂ ಹೊರಗೇ ಇರಬೇಕು.

ಎಟ್ಸಿ ಎಲ್‌ವಿಎಂ ಬ್ಯಾಕಪ್ ಡೈರೆಕ್ಟರಿಯಲ್ಲಿ ವಾಲ್ಯೂಮ್ ಗ್ರೂಪ್‌ನ ನಕ್ಷೆಯ ಪ್ರತಿ ಇರುತ್ತದೆ. ರೂಟ್ ಅದೇ ಗ್ರೂಪ್‌ನಲ್ಲಿದ್ದರೆ ಆ ಪ್ರತಿಯೂ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ವಿಜಿಸಿಎಫ್‌ಜಿಬ್ಯಾಕಪ್ ಮಾಡಿ ಒಂದು ಪ್ರತಿಯನ್ನು ಬೇರೆ ಯಂತ್ರದಲ್ಲಿಡಿ. ಜಾಗ ಸಾಲದೆಂದು ಎರಡನೆಯ ಡಿಸ್ಕನ್ನು ರೂಟ್‌ನ ಗ್ರೂಪ್‌ಗೆ ಸೇರಿಸಿ ರೂಟನ್ನು ಅದರ ಮೇಲೂ ಹಿಗ್ಗಿಸುವವರಿದ್ದಾರೆ. ಹಾಗೆ ಮಾಡಿದರೆ ಎರಡರಲ್ಲಿ ಯಾವ ಡಿಸ್ಕ್ ಕೆಟ್ಟರೂ ರೂಟ್ ಹೋಗುತ್ತದೆ.

ಹೊಸ ಕರ್ನಲ್ ಬಂದಾಗ ಏನಾಗುತ್ತದೆಂಬುದನ್ನೂ ಮರೆಯಬಾರದು. ರೆಡ್ ಹ್ಯಾಟ್ ಕುಟುಂಬದ 9ನೇ ಆವೃತ್ತಿಯಲ್ಲಿ ಹೊಸ ಕರ್ನಲ್‌ನ ಎಂಟ್ರಿಗೆ ಬೇಕಾದ ಸಾಲನ್ನು ಎಟ್ಸಿ ಕರ್ನಲ್ ಸಿಎಮ್‌ಡಿಲೈನ್ ಎಂಬ ಫೈಲ್ ಇದ್ದರೆ ಅದರಿಂದ ತೆಗೆದುಕೊಳ್ಳಲಾಗುತ್ತದೆ. ಅಲ್ಲಿ ಹಳೆಯ ಯುಯುಐಡಿ ಉಳಿದಿದ್ದರೆ, ಈಗಿರುವ ಎಂಟ್ರಿಗಳನ್ನೆಲ್ಲ ಸರಿಪಡಿಸಿದ್ದರೂ ಮುಂದಿನ ಅಪ್‌ಡೇಟ್ ಆದ ಕೂಡಲೇ ಹಳೆಯ ಸಾಲು ಮರಳಿ ಬರುತ್ತದೆ. ಆದ್ದರಿಂದ ಕಳಚಿದ ಡಿಸ್ಕಿನ ಮೇಲೆ ಯಂತ್ರದ ಹೆಸರು ಮತ್ತು ದಿನಾಂಕ ಬರೆದ ಚೀಟಿ ಅಂಟಿಸಿ, ಒಂದು ಕರ್ನಲ್ ಅಪ್‌ಡೇಟ್ ಮುಗಿದು ಯಂತ್ರ ಹೊಸ ಕರ್ನಲ್‌ನಿಂದ ಎಲ್‌ವಿಎಂ ರೂಟ್ ಮೇಲೆಯೇ ಎದ್ದಿರುವುದನ್ನು ಕಣ್ಣಾರೆ ನೋಡುವವರೆಗೆ ಅದನ್ನು ನಿಮ್ಮ ಕಚೇರಿಯ ಬೀರುವಿನಲ್ಲಿಯೇ ಇಟ್ಟುಕೊಳ್ಳಿ, ಗುತ್ತಿಗೆದಾರರ ಕೈಗೆ ಕೊಡಬೇಡಿ.