ಲೋಕಲ್, ಪ್ಯಾಸೆಂಜರ್, ಮೆಮು: ನಮ್ಮ ಹಳಿಗೆ ಯಾವುದು ಹೊಂದುತ್ತೆ?

ಬೆಳಗಾವಿಯಲ್ಲಿ ಚಾಲುಕ್ಯ ಎಕ್ಸ್‌ಪ್ರೆಸ್ ಹತ್ತಿ, ಮುಂಬೈ ಹತ್ತಿರದ ಕಲ್ಯಾಣದಲ್ಲಿ ಇಳಿದು ಲೋಕಲ್ ಹಿಡಿಯುವವರದು ಒಂದೇ ಮಾತು: "ಇಂಥಾ ಗಾಡಿ ನಮ್ಮ ಕಡೆ ಯಾಕ ಬಿಡಂಗಿಲ್ಲ?" ಮುಂಬೈ ಲೋಕಲ್, ಎಂಜಿನ್ ಎಳೆಯುವ ಪ್ಯಾಸೆಂಜರ್, ಬೇರೆ ಎಂಜಿನ್ ಇಲ್ಲದೆ ಡಬ್ಬಿಯ ಮೋಟರಿನಲ್ಲೇ ಓಡುವ ಮೆಮು, ಈ ಮೂರರಲ್ಲೂ ಓಡಾಡಿ ನೋಡಿದರೆ ಲೋಕಲ್ ನಮಗೆ ಒಗ್ಗುವುದಿಲ್ಲ.

ವಿದ್ಯುತ್ ಲೋಕಲ್ ಶುರುವಾದದ್ದು 1925ರ ಫೆಬ್ರುವರಿ 3ರಂದು, ಬೊಂಬಾಯಿ ವಿ.ಟಿ. (ಈಗಿನ ಸಿ.ಎಸ್.ಎಂ.ಟಿ.)–ಕುರ್ಲಾ ನಡುವೆ, 1500 ವೋಲ್ಟ್ ಡಿ.ಸಿ. ತಂತಿಯಡಿ. ಹಳೇ ರೇಕು (ಜೋಡಿಸಿದ ಡಬ್ಬಿಗಳ ಸಾಲು) ಕರೆಂಟನ್ನು ತಡೆಯುವ ರೆಸಿಸ್ಟರ್‌ಗಳನ್ನು ಹಂತಹಂತವಾಗಿ ಬಿಡುತ್ತ ವೇಗ ಹಿಡಿಯುತ್ತಿತ್ತು. ಒಂದೊಂದು ಹಂತಕ್ಕೂ ನಿಂತವರಿಗೆ ಒಂದು ಕುಕ್ಕು. 2007ರಲ್ಲಿ ಬಂದ ಸೀಮೆನ್ಸ್ ತ್ರೀ-ಫೇಸ್ (ಎ.ಸಿ. ಮೋಟರಿನ) ರೇಕಿನಲ್ಲಿ ಆ ಕುಕ್ಕಿಲ್ಲ. ಬ್ರೇಕ್ ಹಾಕಿದಾಗ ಮೋಟರೇ ಜನರೇಟರ್ ಆಗಿ ಕರೆಂಟನ್ನು ತಂತಿಗೆ ವಾಪಸ್ ಕಳಿಸುತ್ತದೆ. 12 ಡಬ್ಬಿಗೆ 4 ಮೋಟರ್ ಡಬ್ಬಿ ಇರುವುದರಿಂದಲೇ ಲೋಕಲ್ಲಿಗೆ ಆ ಚುರುಕು ಓಟ. ಆದರೆ ಶೌಚಾಲಯವಿಲ್ಲ, ಬಾಗಿಲು ಎತ್ತರದ ಪ್ಲಾಟ್‌ಫಾರ್ಮಿಗಷ್ಟೇ ಸರಿ. ಸುಳೇಭಾವಿ, ಪಾಚ್ಛಾಪುರದಂಥ ಊರಿಗೆ ಹೋಗುವವರಿಗೆ ಇವೆರಡೂ ಸಣ್ಣ ಮಾತಲ್ಲ.

ಎಂಜಿನ್ ಎಳೆಯುವ ಪ್ಯಾಸೆಂಜರ್ ಕೂರಲು ಸುಖ, ಮೂಟೆಗೂ ಜಾಗ. ತೊಂದರೆ ಬ್ರೇಕಿನದು. ಮುಂದೆ ಗಾಳಿ ಬಿಟ್ಟರೆ ಒತ್ತಡ ಪೈಪಿನಲ್ಲಿ ಇಳಿಯುತ್ತ ಹಿಂದಿನ ಡಬ್ಬಿ ಮುಟ್ಟಬೇಕು. ಅಷ್ಟರಲ್ಲಿ ಮುಂದಿನವು ಬ್ರೇಕ್ ಹಿಡಿದಿರುತ್ತವೆ, ಹಿಂದಿನವು ಬಂದು ಗುದ್ದುತ್ತವೆ. ಕೊನೇ ಸ್ಟೇಶನ್ನಿನಲ್ಲಿ ಎಂಜಿನ್ ಕಳಚಿ, ಪಕ್ಕದ ಹಳಿಯಿಂದ ಸುತ್ತಿಸಿ, ಆ ತುದಿಗೆ ಜೋಡಿಸಿ, ಪೈಪು ಸಿಕ್ಕಿಸಿ, ಕೊನೇ ಡಬ್ಬಿಯವರೆಗೆ ಗಾಳಿ ಹೋಯಿತಾ ನೋಡಿಯೇ ಹೊರಡಬೇಕು.

ಮೆಮುಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆ, ತಿರುಗಿಸುವ ಗೊಡವೆಯಿಲ್ಲ. ಎಲೆಕ್ಟ್ರೋ-ನ್ಯೂಮ್ಯಾಟಿಕ್ ಬ್ರೇಕಿಗೆ ಹುಕುಂ ಹೋಗುವುದು ವಿದ್ಯುತ್ತಿನಲ್ಲಿ, ಹಾಗಾಗಿ ಎಲ್ಲ ಡಬ್ಬಿಯೂ ಒಮ್ಮೆಗೇ ಹಿಡಿಯುತ್ತವೆ. ಶೌಚಾಲಯ, ಮೆಟ್ಟಿಲು ಎರಡೂ ಉಂಟು. ನ್ಯೂಟ್ರಲ್ ಸೆಕ್ಷನ್ (ತಂತಿಯಲ್ಲಿ ಕರೆಂಟಿಲ್ಲದ ತುಂಡು) ಬಂದಾಗ ಯಂತ್ರ ತಣಿಸುವ ಬ್ಲೋವರ್ ಸದ್ದು ತಟ್ಟನೆ ನಿಲ್ಲುತ್ತದೆ. ಗಾಡಿ ಕೆಟ್ಟಿತೆಂದು ಗಾಬರಿಯಾಗಬೇಡಿ, ಅದನ್ನು ದಾಟಿದೊಡನೆ ಮತ್ತೆ ಶುರು.

ಕೊರತೆಯೂ ಇದೆ. ನಾಲ್ಕು ಡಬ್ಬಿಗೆ ಮೋಟರ್ ಇರುವುದು ಒಂದಕ್ಕೆ, ಆದ್ದರಿಂದ ಲೋಕಲ್ಲಿನ ಚುರುಕು ಬರುವುದಿಲ್ಲ. ಖಾನಾಪುರ–ಲೋಂಡಾ ಕಡೆಯ ಮಳೆಗೆ ಹಳಿ ಒದ್ದೆಯಾದಾಗ ಚಕ್ರ ಜಾರುವ ಭಯ ಹಳೇ ಡಿ.ಸಿ. ಮೋಟರ್ ಮೆಮುಗೆ ಹೆಚ್ಚು, ತ್ರೀ-ಫೇಸಿನದಕ್ಕೆ ಕಡಿಮೆ. ಬೆಳಗಾವಿ–ಮಿರಜ್‌ಗೆ ಮೆಮು ಸಾಕು. ಹುಬ್ಬಳ್ಳಿಯಿಂದ ವಿಜಯಪುರದವರೆಗೆ ಕೂರಬೇಕಾದರೆ ಪ್ಯಾಸೆಂಜರೇ ಮೇಲು, ಮೆಮು ಸೀಟಿನಲ್ಲಿ ಅಷ್ಟು ಹೊತ್ತಿಗೆ ಸೊಂಟ ಹಿಡಿಯುತ್ತದೆ.

ಮೆಮುವೇ ಸಿಕ್ಕರೆ, ತಲೆಯ ಮೇಲೆ ಪ್ಯಾಂಟೋಗ್ರಾಫ್ (ತಂತಿಯಿಂದ ಕರೆಂಟು ಹಿಡಿಯುವ ಚೌಕಟ್ಟು) ಇರುವ ಡಬ್ಬಿ ಬಿಟ್ಟು ಬೇರೆಯದಕ್ಕೆ ಹತ್ತಿ. ಅದೇ ಮೋಟರ್ ಡಬ್ಬಿ: ಸದ್ದು ಜಾಸ್ತಿ, ಹಳೆಯದರಲ್ಲಿ ಯಂತ್ರದ ಕೋಣೆಯೇ ಅರ್ಧ ಸೀಟು ನುಂಗಿರುತ್ತದೆ.