ಮಡಿಕೇರಿ ದಸರಾದ ಬೇಬ್ಲೇಡ್ ಸೆಟ್: ಕೊಳ್ಳಬಹುದಾ?

ದಸರಾ ಹೊತ್ತಿಗೆ ಮಡಿಕೇರಿಯ ಆಟಿಕೆ ಸ್ಟಾಲುಗಳಲ್ಲಿ ನಾಲ್ಕು ಬೇಬ್ಲೇಡ್ (ಒಂದಕ್ಕೊಂದು ಗುದ್ದಿಸಿ ಆಡುವ ಬುಗುರಿ), ಬುಗುರಿ ಬಿಡುವ ಎರಡು ಲಾಂಚರ್, ಅವು ಗುದ್ದಾಡುವ ತಟ್ಟೆಯಂಥ ಒಂದು ಸ್ಟೇಡಿಯಂ ಇರುವ ಡಬ್ಬಿಗಳು ಸಿಗುತ್ತವೆ. ಮುಚ್ಚಳದ ಮೇಲೆ ಟಿವಿ ಹೀರೋ ಇದ್ದಾನೆ ಅಂತ ಅಸಲಿ ಅಂದುಕೊಳ್ಳಬೇಡಿ. ಡಬ್ಬಿ ತಿರುಗಿಸಿ ಐಎಸ್‌ಐ ಗುರುತು, ಪಕ್ಕದಲ್ಲಿ ಸಿಎಂ/ಎಲ್ (ಲೈಸೆನ್ಸ್) ನಂಬರ್ ಇದೆಯಾ ನೋಡಿ. 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ.

ಇದರಲ್ಲಿ ಆಟಿಕೆ ಮೊದಲು, ಕಾರ್ಟೂನ್ ಆಮೇಲೆ. ಜಪಾನಿನ ಟಾಕಾರಾ ಬುಗುರಿ ಬಿಟ್ಟಿದ್ದು 1999ರಲ್ಲಿ, ಟಿವಿ ಸರಣಿ ಬಂದಿದ್ದು 2001ರಲ್ಲಿ. ಆಮೇಲೆ ಬಂದ ಬುಗುರಿ ತಲೆಮಾರುಗಳು: 2008ರಲ್ಲಿ ಮೆಟಲ್, 2015ರಲ್ಲಿ ಬರ್ಸ್ಟ್, 2023ರಲ್ಲಿ ಎಕ್ಸ್. ಒಂದು ತಲೆಮಾರಿನ ಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ಹೀರೋ ಬುಗುರಿ ಬದಲಾಯಿಸಿದಾಗಲೆಲ್ಲ ಮನೆಯಲ್ಲೂ ಹೊಸದಕ್ಕೆ ರಗಳೆ ಶುರು; ಧಾರಾವಾಹಿಯ ಕಸುಬೇ ಅದು. ಹಾಗಾಗಿ ಮಗುವಿನ ಹತ್ತಿರ ಈಗಾಗಲೇ ಯಾವುದಿದೆ ಅಂತ ನೋಡಿಕೊಂಡೇ ಅಂಗಡಿಗೆ ಹೋಗಿ.

ಬರ್ಸ್ಟ್‌ನಲ್ಲಿ ಮೂರು ಭಾಗ: ಮೇಲೆ ಲೇಯರ್, ನಡುವೆ ಲೋಹದ ಡಿಸ್ಕ್, ಕೆಳಗೆ ಡ್ರೈವರ್. ಡಿಸ್ಕನ್ನು ಡ್ರೈವರ್ ಮೇಲೆ ಕೂರಿಸಿ, ಲೇಯರ್‌ಗೆ ಒತ್ತಿ ತಿರುಗಿಸಬೇಕು. ಆಗ ಟಕ್ ಟಕ್ ಅಂತ ಹಲ್ಲಿಗೆ ಹಲ್ಲು ಕೂರುವುದು ಬೆರಳಿಗೇ ಗೊತ್ತಾಗುತ್ತದೆ. ಆಟದಲ್ಲಿ ಪೆಟ್ಟು ಬಿದ್ದಂತೆಲ್ಲ ಒಂದೊಂದು ಹಲ್ಲು ಹಿಂದೆ ಸರಿದು, ಕೊನೆಗೆ ಬುಗುರಿ ಸಿಡಿದು ಮೂರು ಹೋಳಾಗುತ್ತದೆ. ಟಿವಿಯಲ್ಲಿ ಇದಕ್ಕೆ ಸಿಡಿಲು, ಮಿಂಚು, ಮೃಗ ಎಲ್ಲ ಬರುತ್ತವೆ. ಇಲ್ಲಿ ‘ಚಟ್’ ಅನ್ನುವ ಸದ್ದಷ್ಟೇ. ನಕಲಿಯದ್ದು ಎರಡೇ ಬಗೆಯ ಕಾಟ: ಡ್ರೈವರ್ ಒಳಗಿನ ಸ್ಪ್ರಿಂಗ್ ಸಡಿಲವಿದ್ದರೆ ಬಿಡುವಾಗಲೇ ಕಳಚಿಕೊಳ್ಳುತ್ತದೆ, ಬಿಗಿಯಿದ್ದರೆ ಎಷ್ಟು ಗುದ್ದಿದರೂ ಸಿಡಿಯುವುದಿಲ್ಲ. ಅಂಗಡಿಯಲ್ಲೇ ಒಮ್ಮೆ ಜೋಡಿಸಿ ತಿರುಗಿಸಿ ನೋಡಿ, ಹಲ್ಲೇ ಸಿಗದೆ ಜಾರಿದರೆ ವಾಪಸ್ ಇಡಿ.

ಲಾಂಚರ್ ಬೇಗ ಕೆಡಲು ಕಾರಣ ಎಳೆಯುವ ರೀತಿ. ಹಲ್ಲಿನ ಪಟ್ಟಿಯನ್ನು ಪೂರ್ತಿ ತೂರಿಸಿ, ನೆಲಕ್ಕೆ ಸಮನಾಗಿ ಹಿಡಿದು, ನೇರವಾಗಿ ಒಂದೇ ಸಲ ಎಳೆಯಬೇಕು. ಓರೆಯಾಗಿ ಎಳೆದರೆ ಪಟ್ಟಿಯ ಹಲ್ಲು ಸವೆದು ಗೇರ್ ಜಾರುತ್ತದೆ.

ಸೆಟ್ಟಿನ ಸ್ಟೇಡಿಯಂ ತೆಳು, ಬಿಸಿಲಿಗೆ ಸೊಟ್ಟಗಾಗುತ್ತದೆ. ಬದಲಿಗೆ ಗಾರೆ ಕೆಲಸದ ಬಾಂಡ್ಲಿ ಬೇಡ: ಒರಟು ಕಬ್ಬಿಣಕ್ಕೆ ಡ್ರೈವರ್ ತುದಿ ತೇದುಹೋಗುತ್ತದೆ. ನುಣುಪಾದ ಅಗಲ ಪ್ಲಾಸ್ಟಿಕ್ ಬೇಸಿನ್ ಸಾಕು. ಚಪ್ಪಟೆ ತುದಿಯ ಅಟ್ಯಾಕ್ ಬುಗುರಿ ಅಂಚಿಗೆ ಓಡಿ ಹಾರುತ್ತದೆ, ಮಕ್ಕಳು ಮೇಲೆ ಬಗ್ಗಿ ನೋಡದಿರಲಿ. ಚೂಪು ತುದಿಯದ್ದು ನಡುವೆಯೇ ನಿಂತು ಹೆಚ್ಚು ಹೊತ್ತು ಸುತ್ತುತ್ತದೆ.

ಇನ್ನು ನಮ್ಮ ಮಳೆಗಾಲ. ಜೂನ್ ಬಂತೆಂದರೆ ಸ್ಪ್ರಿಂಗ್‌ಗೆ ತುಕ್ಕು, ಸ್ಟಿಕ್ಕರ್‌ಗೆ ಬೂಸ್ಟು. ಬಟ್ಟೆಯಲ್ಲಿ ಒರೆಸಿ, ಬಿಡಿಸಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿಡಿ. ಎಣ್ಣೆ ಮಾತ್ರ ಹಾಕಬೇಡಿ, ಲಾಕಿನ ಹಲ್ಲು ಜಾರತೊಡಗುತ್ತದೆ.