ಬಿಳಿ ಲೆಕಿಥೋಸ್‌ನ ಪ್ರತಿಕೃತಿ: ರೇಖೆ ಸೊಗಸು, ಬಣ್ಣದ ಬಗ್ಗೆ ತಕರಾರು

ಅಥೆನ್ಸ್ ನಗರದಲ್ಲಿ ಪ್ರಾಚೀನ ಮಡಕೆಗಳ ಪ್ರತಿಕೃತಿಗಳನ್ನು ಮಾರುವ ಅಂಗಡಿಯೊಂದರಲ್ಲಿ ಕೊಂಡ ಈ ಲೆಕಿಥೋಸ್, ಕ್ರಿ.ಪೂ. 5ನೆಯ ಶತಮಾನದ ಅಥೆನ್ಸಿನವರು ಸತ್ತವರಿಗೆಂದು ಎಣ್ಣೆ ತುಂಬಿ ಸಮಾಧಿಗೆ ಅರ್ಪಿಸುತ್ತಿದ್ದ, ಸಣ್ಣ ಕತ್ತಿನ ನೀಳವಾದ ಹೂಜಿಯ ಮಾದರಿಯಾಗಿದೆ. ಹರ್ಮೀಸ್ ದೇವತೆ ಸತ್ತ ಹೆಂಗಸೊಬ್ಬಳನ್ನು ಕರೆತರುತ್ತಿದ್ದು, ಸತ್ತವರನ್ನು ಪರಲೋಕಕ್ಕೆ ದಾಟಿಸುವ, ದೋಣಿಯಲ್ಲಿ ನಿಂತ ಅಂಬಿಗ ಕಾರೋನ್ ಅವಳಿಗಾಗಿ ಕಾಯುತ್ತಿರುವ ದೃಶ್ಯವನ್ನು ಇದರ ಮೇಲೆ ಬರೆಯಲಾಗಿದೆ.

ರೇಖೆಗಳ ವಿಷಯದಲ್ಲಿ ಕುಶಲಕರ್ಮಿಗೆ ಪೂರ್ಣ ಅಂಕ ಕೊಡಬೇಕು. ಕ್ರಿ.ಪೂ. 8ನೆಯ ಶತಮಾನದ ನಡುವಿನ, ಒಂದೂವರೆ ಮೀಟರಿಗೂ ಎತ್ತರದ ಡಿಪಿಲಾನ್ ಆಂಫೊರಾ ಎಂಬ ಅಥೆನ್ಸಿನ ಸಮಾಧಿ ಹೂಜಿಯಲ್ಲಿ ಶವದ ಸುತ್ತ ತ್ರಿಕೋನಾಕಾರದ ದೇಹಗಳು ತಲೆಯ ಮೇಲೆ ಕೈಯಿಟ್ಟು ಗೋಳಾಡುತ್ತವೆ. ಇಲ್ಲಿ ಯಾರೂ ಅಳುವುದಿಲ್ಲ. ತುಸು ಬಾಗಿದ ಹೆಂಗಸಿನ ಕತ್ತಿನಲ್ಲಿಯೇ ಅಗಲಿಕೆಯೆಲ್ಲ ಅಡಗಿದೆ, ಮತ್ತು ಆ ಸಂಯಮವನ್ನು ಕುಂಚದ ಒಂದೇ ಎಳೆಯಲ್ಲಿ ಹಿಡಿಯುವುದು ಸುಲಭದ ಕೆಲಸವಲ್ಲ.

ತಕರಾರು ಇರುವುದು ಬಣ್ಣದ ಬಗ್ಗೆ. ಮೂಲ ಲೆಕಿಥೋಸ್‌ಗಳಲ್ಲಿ ಬಟ್ಟೆಗಳಿಗೆ ಹಚ್ಚುತ್ತಿದ್ದ ಹಲವು ಬಣ್ಣಗಳನ್ನು ಮಡಕೆಯನ್ನು ಸುಟ್ಟ ಬಳಿಕವೇ ಬಳಿಯುತ್ತಿದ್ದುದರಿಂದ ಅವು ಗಟ್ಟಿಯಾಗಿ ಕೂರುತ್ತಿರಲಿಲ್ಲ. ಇಂದು ಮ್ಯೂಸಿಯಂಗಳಲ್ಲಿ ಅನೇಕ ಆಕೃತಿಗಳು ಬಟ್ಟೆಯಿಲ್ಲದಂತೆ ಕಾಣುವುದಕ್ಕೆ ಇದೇ ಕಾರಣ. ದಿನಬಳಕೆಯನ್ನು ತಾಳದ ಇಂಥ ಅಲಂಕಾರ ಸಮಾಧಿಗೆ ಸಾಕಾಗುತ್ತಿತ್ತು. ನಮ್ಮ ಪ್ರತಿಕೃತಿಯಲ್ಲಾದರೋ ಹೊಳೆಯುವ ಕೆಂಪು ಮತ್ತು ನೀಲಿಯ ಮೇಲೆ ವಾರ್ನಿಶ್ ಬಳಿದಿದ್ದಾರೆ. ಹೊಸದಾಗಿದ್ದಾಗ ಮೂಲವೂ ಢಾಳಾಗಿಯೇ ಇತ್ತೆಂದು ವಾದಿಸಬಹುದು, ಒಪ್ಪೋಣ, ಆದರೆ ಅದಕ್ಕೆ ಈ ಪ್ಲಾಸ್ಟಿಕ್ ಮಿರುಗು ಬೇಕಿರಲಿಲ್ಲ.

ಇನ್ನೊಂದು ಕೊರತೆ ಹೊರಗೆ ಕಾಣುವಂಥದ್ದಲ್ಲ. ಹಳೆಯ ಲೆಕಿಥೋಸ್‌ಗಳಲ್ಲಿ ಕೆಲವಕ್ಕೆ ಕತ್ತಿನ ಕೆಳಗೆ ಒಳಗಡೆ ಪುಟ್ಟದೊಂದು ಬಟ್ಟಲನ್ನು ಕೂಡಿಸಿರುತ್ತಿದ್ದರು. ಸ್ವಲ್ಪ ಎಣ್ಣೆ ಸುರಿದರೂ ಪಾತ್ರೆ ಬಾಯಿಮಟ್ಟ ತುಂಬಿದಂತೆ ತೋರುತ್ತಿತ್ತು. ಸುಡುವಾಗ ಒಳಗಿನ ಬಿಸಿಗಾಳಿ ಹೊರಹೋಗಲೆಂದು ಮೈಯಲ್ಲಿ ಸಣ್ಣ ತೂತನ್ನೂ ಬಿಡುತ್ತಿದ್ದರು. ಸತ್ತವರ ಪಾಲಿನ ಎಣ್ಣೆಯಲ್ಲಿಯೂ ಉಳಿತಾಯ ಮಾಡಿದ ಈ ಜಾಣತನ ಪ್ರತಿಕೃತಿಯಲ್ಲಿಲ್ಲ, ಇದು ತಳದವರೆಗೂ ಟೊಳ್ಳು.

ದೂರದಿಂದ ನೋಡುವ ಕಪಾಟಿಗೆ ಇದು ಒಪ್ಪುತ್ತದೆ. ಕಲಾ ಇತಿಹಾಸದ ಪಾಠಕ್ಕೆಂದು ಕೊಳ್ಳುವವರು ವಾರ್ನಿಶ್ ಇಲ್ಲದ ಪ್ರತಿಯನ್ನು ಕೇಳಿ ಪಡೆಯುವುದು ಮೇಲು. ಪ್ಯಾಕಿಂಗ್ ಭದ್ರವಾಗಿದೆ. ಜೊತೆಗಿಟ್ಟ ಚೀಟಿಯಲ್ಲಿ ಇದನ್ನು ದ್ರಾಕ್ಷಾರಸದ ಪಾತ್ರೆಯೆಂದು ಅಚ್ಚು ಹಾಕಿಸಿರುವುದನ್ನು ಮಾತ್ರ ಅಂಗಡಿಯವರು ಬೇಗನೆ ತಿದ್ದಬೇಕು.